ಸೋಲಾರ್‌ನವರು ಬರುವ ಮುಂಚೆ ನಮ್ಮ ಹೊಲ ನಾವೇ ನೋಡಿದ್ದು

ಚಳ್ಳಕೆರೆ ಸೀಮೆಯಲ್ಲಿ ಮೊದಲೆಲ್ಲ ಇಬ್ಬರು ರೈತರು ಸಿಕ್ಕರೆ "ನಿಮ್ ಕಡೆ ಮಳೆ ಆಯ್ತಾ" ಅಂತ ಮಾತು ಶುರುವಾಗುತ್ತಿತ್ತು. ಈಗ "ಸೋಲಾರ್‌ಗೆ ಕೊಟ್ರಾ" ಅಂತ ಶುರುವಾಗುತ್ತದೆ. ಪಕ್ಕದ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಗುತ್ತಿಗೆಗೆ ಹೋಗಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಆದದ್ದನ್ನು ಎಲ್ಲರೂ ನೋಡಿದ್ದಾರೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಜಾಗ ನಮ್ಮದು. ಮೂರು ವರ್ಷಕ್ಕೊಮ್ಮೆ ಶೇಂಗಾ ಕೈಗೆ ಹತ್ತಿದರೆ ಪುಣ್ಯ. ಕೂತಲ್ಲಿ ಬಾಡಿಗೆ ಬರುತ್ತದೆ ಅಂದರೆ ಯಾರಿಗೆ ಬೇಡ?

ಒಂದು ಸಂಜೆ ಅಣ್ಣ ದಾವಣಗೆರೆಯಲ್ಲಿರುವ ನನಗೆ ಫೋನ್ ಮಾಡಿದ. ಯಾರೋ ಏಜೆಂಟ್ ಬಂದಿದ್ದನಂತೆ. "ಎಂಟು ಎಕರೆ ಐತಲ್ಲ, ಈಗ ಸುಮ್ನೆ ಒಂದು ಸಹಿ ಹಾಕ್ರಿ, ಕಂಪನಿಯೋರು ಆಮೇಲೆ ನೋಡ್ಕಂತಾರೆ" ಅಂದನಂತೆ. ಅಣ್ಣ ಅರ್ಧ ಒಪ್ಪಿಬಿಟ್ಟಿದ್ದ. ನಾನು ಭಾನುವಾರದವರೆಗೆ ತಡಿ ಅಂದೆ. ಮಾರಲು ಸಂತೆಗೆ ಎತ್ತು ಹೊಡೆದುಕೊಂಡು ಹೋಗುವವನು ಅದರ ಹಲ್ಲನ್ನು ತಾನೇ ಮೊದಲು ನೋಡಿಕೊಂಡಿರುತ್ತಾನೆ, ಅಲ್ವಾ? ಕಂಪನಿಯವರು ನಮ್ಮ ಹೊಲದಲ್ಲಿ ಏನು ನೋಡುತ್ತಾರೋ ಅದನ್ನು ನಾವೇ ಮೊದಲು ನೋಡಿಬಿಡೋಣ ಅನ್ನೋದು ನನ್ನ ಲೆಕ್ಕ.

ಜೊತೆಗೆ ಕರೆದದ್ದು ಸರ್ವೆ ಇಲಾಖೆಯಿಂದ ನಿವೃತ್ತರಾದ, ಅಪ್ಪನ ಕಾಲದ ಸ್ನೇಹಿತರೊಬ್ಬರನ್ನು. ಊರಲ್ಲಿ ಅವರಿಗೆ ಮೋಜಿಣಿದಾರರು ಅಂತಲೇ ಹೆಸರು. ಬಂದವರು ಹೊಲದ ಕಡೆ ತಿರುಗಿಯೂ ನೋಡಲಿಲ್ಲ. ಜಗಲಿ ಮೇಲೆ ಕೂತು "ಪಹಣಿ ತಗಿ" ಅಂದರು.

ಪಹಣಿಯಲ್ಲಿ ನಾನು ಯಾವತ್ತೂ ನೋಡುತ್ತಿದ್ದದ್ದು ಹೆಸರು, ವಿಸ್ತೀರ್ಣ ಅಷ್ಟೇ. ಅವರ ಬೆರಳು ನಿಂತದ್ದು ಖರಾಬಿನ ಸಾಲಿನಲ್ಲಿ. ಒಟ್ಟು 8 ಎಕರೆ 14 ಗುಂಟೆ. ಅದರಲ್ಲಿ 22 ಗುಂಟೆ ಬಿ ಖರಾಬು. ಅಂದರೆ ಹಳ್ಳ. ಎ ಖರಾಬಾದರೆ ಉಳುಮೆಗೆ ಬಾರದ ನೆಲ, ಆದರೂ ನಮ್ಮದೇ. ಬಿ ಖರಾಬು ಸಾರ್ವಜನಿಕರದು, ನಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಅದರ ಬಾಡಿಗೆ ನಾವು ಕೇಳುವ ಹಾಗಿಲ್ಲ. ಉಳಿಯುವುದು 7 ಎಕರೆ 32 ಗುಂಟೆ. ಏಜೆಂಟ್ ಎಕರೆ ಲೆಕ್ಕದಲ್ಲಿ ಹೇಳಿದ ಮೊತ್ತ ಅಲ್ಲೇ ಒಂದಿಷ್ಟು ಇಳಿಯಿತು.

ಆಮೇಲೆ 11ನೇ ಕಾಲಂ. ಅಪ್ಪ ಇದ್ದಾಗ ಸೊಸೈಟಿಯಲ್ಲಿ ಮಾಡಿದ ಬೆಳೆ ಸಾಲ ಅಲ್ಲಿ ಹಾಗೇ ಕೂತಿತ್ತು. ಸಾಲ ತೀರಿದ ಮಾತ್ರಕ್ಕೆ ಪಹಣಿಯಿಂದ ಅದು ತಾನಾಗಿ ಹೋಗಲ್ಲ, ಋಣಮುಕ್ತ ಪತ್ರ ಕೊಟ್ಟು ತೆಗೆಸಬೇಕು. ಇನ್ನು ಹೆಸರು. ಅಪ್ಪ ಹೋದ ಮೇಲೆ ಪೌತಿ ಖಾತೆ ಅಮ್ಮನ ಹೆಸರಿಗೆ ಮಾತ್ರ ಆಗಿದೆ. ಹಾಗಂತ ಅಮ್ಮನ ಒಂದು ಸಹಿ ಸಾಕಾಗಲ್ಲ. ಕಂಪನಿಯ ವಕೀಲರು ವಂಶವೃಕ್ಷ ಕೇಳುತ್ತಾರೆ, ಅದರಲ್ಲಿರುವ ಎಲ್ಲರ ಸಹಿ ಕೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಹಿರಿಯೂರಿನಲ್ಲಿರುವ ಅಕ್ಕನಿಗೆ ಈ ವಿಷಯವನ್ನು ಯಾರೂ ಹೇಳಿಯೇ ಇರಲಿಲ್ಲ. ಅಣ್ಣ ನೆಲ ನೋಡಿದ. ಮೋಜಿಣಿದಾರರು "ಆಯಮ್ಮಂಗೆ ಇವತ್ತೇ ಫೋನ್ ಮಾಡ್ರಪ್ಪ, ರಿಜಿಸ್ಟ್ರಾರ್ ಆಫೀಸಿನಾಗೆ ಮಾಡಬ್ಯಾಡ್ರಿ" ಅಂದು ಎದ್ದರು.

ಹೊಲಕ್ಕೆ ಹೋದಾಗ ಬಿಸಿಲು ಏರಿತ್ತು. ನಮ್ಮ ಹೊಲ ಎರಡು ಥರ. ಮೇಲಿನದು ಗರಸು, ಕೆಂಪು, ಕಲ್ಲು ಜಾಸ್ತಿ. ಹಳ್ಳದ ಕಡೆ ಇಳಿದರೆ ಎರಡೂವರೆ ಎಕರೆಯಷ್ಟು ಎರೆ, ಅಂದರೆ ಕಪ್ಪು ಮಣ್ಣು. ತಾತನಿಗೆ ಆ ಎರೆ ತುಂಡು ಅಂದರೆ ಪ್ರಾಣ. ಹಿಂಗಾರಿಗೆ ಬಿಳಿಜೋಳ, ಕಡಲೆ ಬಂದದ್ದೆಲ್ಲ ಅಲ್ಲೇ. ಮೇಲಿನ ಗರಸನ್ನು ನಾವು ಯಾವಾಗಲೂ ಬೈದುಕೊಂಡೇ ಬಿತ್ತಿದ್ದು. ಸೋಲಾರ್‌ನವರಿಗೆ ಇದು ಪೂರಾ ತಿರುಗಾಮುರುಗಾ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪ್ಯಾನೆಲ್ ನಿಲ್ಲಿಸುವ ಕಂಬ ಅದರಲ್ಲಿ ಅಲುಗಾಡದ ಹಾಗೆ ನಿಲ್ಲಬೇಕಾದರೆ ಆಳಕ್ಕೆ ಹೋಗಬೇಕು, ಖರ್ಚು ಏರುತ್ತದೆ. ಮಳೆಗಾಲದಲ್ಲಿ ಲಾರಿಯೂ ಹೂತುಕೊಳ್ಳುತ್ತದೆ. ಗರಸು ನೆಲದಲ್ಲಿ ಈ ತಾಪತ್ರಯ ಕಡಿಮೆ. ನಾವು ಮೂಗು ಮುರಿಯುತ್ತಿದ್ದ ನೆಲಕ್ಕೆ ಅವರು ಮೊದಲ ಮರ್ಯಾದೆ ಕೊಡುತ್ತಾರೆ. ಇದನ್ನು ಕೇಳಿ ಅಣ್ಣ ನಕ್ಕ, ನನಗೆ ಯಾಕೋ ನಗು ಬರಲಿಲ್ಲ.

ಇಳಿಜಾರು ನೋಡುವುದಕ್ಕೆ ಮೋಜಿಣಿದಾರರು ಯಾವ ಸಲಕರಣೆಯನ್ನೂ ತೆಗೆಯಲಿಲ್ಲ. ಒಂದೊಂದು ಬದುವಿನ ಹತ್ತಿರ ನಿಂತು, ಮಳೆ ನೀರು ಎಲ್ಲಿ ನಿಂತು ಮಣ್ಣು ತೆಳ್ಳಗೆ ಸಿಪ್ಪೆ ಎದ್ದಿದೆ ಅಂತ ಕಾಲಿನಲ್ಲಿ ಕೆದಕಿ ನೋಡಿದರು. ಹೊಲ ತೆಂಕಣಕ್ಕೆ ಸ್ವಲ್ಪ ವಾಲಿದೆ ಅಂದರು. ಅದು ಒಳ್ಳೆಯದೇ, ಪ್ಯಾನೆಲ್ ಮುಖ ಮಾಡುವುದೂ ಆ ಕಡೆಗೇ.

ಆಮೇಲೆ ಬಂತು ಹುಣಸೆ ಮರ. ದಕ್ಷಿಣದ ಬದುವಿನ ಮೇಲಿದೆ, ಸುಮಾರು 40 ಅಡಿ. ಬಡಗಣ ಬದುವಿನಲ್ಲಿ ಎರಡು ಬೇವು ಇವೆ, ಅವನ್ನು ಅವರು ನೋಡಲೇ ಇಲ್ಲ. ಹುಣಸೆ ಮರವನ್ನು ಮಾತ್ರ ಸುತ್ತು ಹಾಕಿ ನೋಡಿದರು. ಕಾರಣ ಇಷ್ಟು. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ನೆರಳು ಬಡಗಣಕ್ಕೆ ಬೀಳುತ್ತದೆ. ನಮ್ಮ ಕಡೆ ಆ ತಿಂಗಳು ನಡು ಮಧ್ಯಾಹ್ನವೇ ನೆರಳು ಮರದ ಎತ್ತರದ ಮುಕ್ಕಾಲು ಪಾಲು ಇರುತ್ತದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಂದರೆ 60 ಅಡಿಗೂ ಮೀರಿ ನಮ್ಮ ಹೊಲದ ಒಳಗೇ ಬರುತ್ತದೆ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಆ ಸಾಲಿನ ಕರೆಂಟೇ ಇಳಿಯುತ್ತದೆ. ಮರ ಕಡಿಯಬೇಕು, ಇಲ್ಲವೇ ಅಷ್ಟು ಜಾಗ ಬಿಡಬೇಕು. ಆ ಮರದ ಹುಣಸೆ ಹಣ್ಣನ್ನು ಬರಗಾಲದಲ್ಲೂ ಮಾರಿದ್ದೇವೆ. ಅದರ ಲೆಕ್ಕ ಏಜೆಂಟ್ ಹೇಳಿದ ರೇಟಿನಲ್ಲಿ ಎಲ್ಲಿತ್ತು?

ಪೂರ್ವದ ಬದು ತಕರಾರಿನದು. ನನ್ನ ಫೋನಿನಲ್ಲಿ ಸರ್ವೆ ನಂಬರಿನ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆಗೆದರೆ ನಾವು ನಿಂತ ಬದು ಗೆರೆಯಿಂದ ಒಳಗೆ ಸರಿದ ಹಾಗೆ ಕಾಣುತ್ತಿತ್ತು. ಅಣ್ಣ ಆಗಲೇ ಪಕ್ಕದ ಹೊಲದವನ ಜೊತೆ ಮಾತಿಗೆ ಹೊರಟ. ಮೋಜಿಣಿದಾರರು ತಡೆದರು. ಆ್ಯಪ್‌ನ ಗೆರೆ ಕೆಲವು ಮೀಟರ್ ಆಚೀಚೆ ಆಗುತ್ತದೆ, ಅದನ್ನು ನಂಬಿ ಜಗಳಕ್ಕೆ ಇಳಿಯಬಾರದು. ಗಡಿ ಗುರುತಿಗೆ ನೆಟ್ಟ ಬಾಂದುಕಲ್ಲು ಹುಡುಕಬೇಕು. ಲಂಟಾನದ ಪೊದೆಯೊಳಗೆ ಅರ್ಧ ಗಂಟೆ ಕುಡುಗೋಲು ಆಡಿಸಿದ ಮೇಲೆ ಒಂದು ಕಲ್ಲಿನ ತಲೆ ಸಿಕ್ಕಿತು. ಇನ್ನೊಂದು ಮೂಲೆಯದು ಸಿಗಲೇ ಇಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ಕಾರಿ ಭೂಮಾಪಕರು ಬಂದು ಕಲ್ಲು ತೋರಿಸಲಿ ಅಂತಾಯ್ತು. ಒಪ್ಪಂದ ಆದ ಮೇಲೆ ಬೇಲಿ ಹಾಕುವ ದಿನ ಈ ಜಗಳ ಎದ್ದರೆ ಕಂಪನಿ ಬಾಡಿಗೆಯನ್ನೇ ನಿಲ್ಲಿಸಬಹುದು.

ದಾರಿಯ ವಿಷಯ ಎಲ್ಲಕ್ಕಿಂತ ಕಗ್ಗಂಟು. ಡಾಂಬರು ರಸ್ತೆಗೂ ನಮ್ಮ ಹೊಲಕ್ಕೂ ನಡುವೆ ಒಂದು ಸರ್ವೆ ನಂಬರ್ ಇದೆ. ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು. ಅದಕ್ಕೆ, ಇಂಥ ಜಮೀನು ಪರರ ಕೈಗೆ ಹೋಗದ ಹಾಗೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಗುತ್ತಿಗೆಗೂ ಅದೇ ಕಟ್ಟು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಟ್ಟು ಇರಲೇಬೇಕು, ಇಲ್ಲದಿದ್ದರೆ ಆ ಜಮೀನುಗಳು ಯಾವತ್ತೋ ಕೈಬಿಟ್ಟು ಹೋಗುತ್ತಿದ್ದವು. ಆದರೆ ಏಜೆಂಟ್ ಆ ಮನೆಯವರ ಹತ್ತಿರವೂ ಹೋಗಿ ಅದೇ "ಸುಮ್ನೆ ಒಂದು ಸಹಿ" ಕೇಳಿದ್ದನಂತೆ. ಅನುಮತಿಯ ಮಾತನ್ನೇ ಎತ್ತಿರಲಿಲ್ಲ.

ಮಧ್ಯಾಹ್ನ ಬೈಕಿನಲ್ಲಿ ಸಬ್‌ಸ್ಟೇಷನ್‌ವರೆಗೆ ಹೋಗಿ ಬಂದೆವು. ಮೀಟರ್ ನೋಡಿದರೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಹಿಡಿದರೆ ನಮ್ಮದು ಸಣ್ಣ ಘಟಕದ ಜಮೀನು. ರೈತರ ಸೋಲಾರ್‌ಗೆ ಅಂತ ಕೇಂದ್ರ ಸರ್ಕಾರ ತಂದ ಪಿಎಂ ಕುಸುಮ್ ಯೋಜನೆಯ ಎ ಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ಸಬ್‌ಸ್ಟೇಷನ್‌ನಿಂದ 5 ಕಿಲೋಮೀಟರ್ ಒಳಗಿನ ಜಮೀನಿಗೇ ಆದ್ಯತೆ. ಲೈನ್ ಎಳೆಯುವ ಖರ್ಚು, ದಾರಿಯಲ್ಲಿ ಸೋರಿಹೋಗುವ ಕರೆಂಟು, ಎರಡೂ ದೂರದ ಮೇಲೆ ನಿಂತಿವೆ. ಅಲ್ಲಿದ್ದ ಬೆಸ್ಕಾಂ ನೌಕರರೊಬ್ಬರು "ದೂರ ಒಂದೇ ಅಲ್ಲ ಸಾರ್, ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇರ್ಬೇಕಲ್ಲ" ಅಂದರು. ಪಕ್ಕದಲ್ಲೇ ಸಬ್‌ಸ್ಟೇಷನ್ ಇದ್ದು ಅದು ಭರ್ತಿಯಾಗಿದ್ದರೆ ಸುಖ ಇಲ್ಲ. ಎಷ್ಟು ಖಾಲಿ ಇದೆ ಅಂತ ಬರೆದು ಕೇಳಬಹುದಂತೆ.

ಸಂಜೆ ಏಜೆಂಟ್ ಬಿಟ್ಟುಹೋಗಿದ್ದ ಕಾಗದ ಓದಿದೆವು. ಅದು ಗುತ್ತಿಗೆ ಪತ್ರವೇ ಅಲ್ಲ, ಅದಕ್ಕೆ ಮುಂಚಿನ ಒಪ್ಪಂದ. ಸಣ್ಣ ಟೋಕನ್ ಹಣ ಕೊಟ್ಟು ಒಂದೂವರೆ ವರ್ಷ ನಾವು ಬೇರೆ ಯಾರಿಗೂ ಕೊಡದ ಹಾಗೆ ಕಟ್ಟಿಹಾಕುತ್ತದೆ. ಕಂಪನಿಗೆ ಬೇಡ ಅನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು. ನಮಗೆ ಆ ಬಾಗಿಲು ಇಲ್ಲ. ಭೂ ಪರಿವರ್ತನೆ ಖರ್ಚು ಯಾರದು, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕೀಳುವವರು ಯಾರು, ಕಂಪನಿ ಸಾಲಕ್ಕೆ ಅಡವಿಡುವುದು ಅದರ ಗುತ್ತಿಗೆ ಹಕ್ಕನ್ನೋ ನಮ್ಮ ಜಮೀನನ್ನೋ, ಒಂದಕ್ಕೂ ಅಲ್ಲಿ ಸಾಲು ಇರಲಿಲ್ಲ.

ಬಾಡಿಗೆ ಏರಿಕೆಯ ಲೆಕ್ಕಕ್ಕೆ ಪಾವಗಡವನ್ನೇ ಇಟ್ಟುಕೊಂಡು ಕೂತೆ. ಅಲ್ಲಿ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷ. ಕೇಳುವುದಕ್ಕೆ ಚೆನ್ನಾಗಿದೆ. ಕೂಡಿಸಿ ನೋಡಿದರೆ ಕೊನೆಯ ವರ್ಷಕ್ಕೆ ಅದು 40,000ದ ಹತ್ತಿರ ನಿಲ್ಲುತ್ತದೆ. 28 ವರ್ಷದ ಹಿಂದೆ ಒಂದು ಚೀಲ ಅಕ್ಕಿ ಎಷ್ಟಿತ್ತು ಅಂತ ಅಮ್ಮನನ್ನು ಕೇಳಿದೆ. ಅವಳು ಹೇಳಿದ ರೇಟು ಕೇಳಿ ಅಣ್ಣ ಕ್ಯಾಲ್ಕುಲೇಟರ್ ಕಸಿದುಕೊಂಡ. ಅಲ್ಲಿ ಜಮೀನು ಕೊಟ್ಟವರಿಗೆ ಬಾಡಿಗೆಯಾದರೂ ಬರುತ್ತದೆ. ಕೂಲಿಗೆ ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಂದದ್ದು ಬೇಲಿ. ನಮ್ಮ ಗರಸಿನಲ್ಲೂ ಸುಗ್ಗಿ ಮುಗಿದ ಮೇಲೆ ಕುರಿ ಹಟ್ಟಿ ಹಾಕುವವರಿದ್ದಾರೆ. ಗೊಬ್ಬರಕ್ಕೆ ನಾವು ಅವರನ್ನೇ ನಂಬಿದ್ದೇವೆ.

ಅಕ್ಕನಿಗೆ ಅವತ್ತು ರಾತ್ರಿಯೇ ಫೋನ್ ಮಾಡಿದೆವು. ಸಹಿ ಹಾಕ್ತೀನಿ, ಆದರೆ ಬಾಡಿಗೆಯ ನನ್ನ ಪಾಲು ನನ್ನ ಖಾತೆಗೇ ಬರಬೇಕು, ಅದು ಪತ್ರದಲ್ಲೇ ಇರಬೇಕು ಅಂದಳು. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗಂತೂ ಸರಿ ಅನ್ನಿಸಿತು.

ಏಜೆಂಟ್ ಮತ್ತೆ ಬಂದಾಗ ಅಣ್ಣನೇ ಮಾತಾಡಿದ. ಒಂದೂವರೆ ವರ್ಷ ಆಗಲ್ಲ, ಆರು ತಿಂಗಳು. ಏರಿಕೆ ವರ್ಷ ವರ್ಷ. ಕಿತ್ತು ಹೋಗುವ ಖರ್ಚಿಗೆ ಠೇವಣಿ. ಗುತ್ತಿಗೆ ಪತ್ರ ನೋಂದಣಿ ಆಗಬೇಕು, ಅದರ ಕನ್ನಡ ಪ್ರತಿ ಮೊದಲೇ ಕೈಗೆ ಬರಬೇಕು. ಅವನು ಎಲ್ಲ ಬರೆದುಕೊಂಡು, ಆಫೀಸಿನಲ್ಲಿ ಕೇಳಿ ಹೇಳ್ತೀನಿ ಅಂತ ಹೋದ. ಇನ್ನೂ ಹೇಳಿಲ್ಲ. ನಾವು ಸೊಸೈಟಿಗೆ ಋಣಮುಕ್ತ ಪತ್ರ ಕೇಳಿದ್ದೇವೆ, ಹದ್ದುಬಸ್ತಿನ ಅರ್ಜಿ ಹಾಕಿದ್ದೇವೆ. ಸೋಲಾರ್ ಬರಲಿ ಬಿಡಲಿ, ಇವೆರಡು ಕೆಲಸ ಆಗಲೇಬೇಕಿತ್ತು. ಅಮ್ಮ ಮಾತ್ರ ಎರೆ ತುಂಡನ್ನು ಕೊಡುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದಾಳೆ. ಮೋಜಿಣಿದಾರರ ಪ್ರಕಾರ ಕಂಪನಿಯವರಿಗೂ ಅದು ಅಷ್ಟಾಗಿ ಬೇಡ. ಹಾಗಾಗಿ ಆ ಒಂದು ವಿಷಯಕ್ಕೆ ಜಗಳ ಬರಲಿಕ್ಕಿಲ್ಲ.