ಸ್ಮಾಲ್‌ಕ್ಯಾಪ್ ವ್ಯಾಲ್ಯೂ ಫಂಡ್: ಹೆಸರು ಬಿಟ್ಟು ಪಟ್ಟಿ ನೋಡಿದ ಮೇಲೆ

ಮೊದಲ ಸಲ ಸ್ಮಾಲ್‌ಕ್ಯಾಪ್ ವ್ಯಾಲ್ಯೂ ಫಂಡ್, ಅಂದರೆ ಅಗ್ಗವಾಗಿ ಸಿಗುವ ಸಣ್ಣ ಕಂಪನಿಗಳ ಷೇರುಗಳ ಫಂಡ್, ಕೊಳ್ಳುವಾಗ ನಾನು ನೋಡಿದ್ದು ಎರಡೇ ಅಂಕಣಗಳನ್ನು: ಹಿಂದಿನ ಐದು ವರ್ಷಗಳ ಗಳಿಕೆ ಮತ್ತು ವೆಚ್ಚ ಅನುಪಾತ, ಅಂದರೆ ಫಂಡ್ ವರ್ಷಕ್ಕೆ ನಮ್ಮ ಹಣದಿಂದ ತೆಗೆದುಕೊಳ್ಳುವ ಪಾಲು. ಎರಡರಲ್ಲೂ ಮುಂದಿದ್ದ ಫಂಡ್ ಒಂದನ್ನು ಆರಿಸಿ, ನಿವೃತ್ತಿಯವರೆಗೂ ಇದನ್ನು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಎಂಟು ತಿಂಗಳ ನಂತರ ಬೇರೆ ಯಾವುದೋ ಲೆಕ್ಕಕ್ಕಾಗಿ ಆ ಫಂಡಿನ ಹೂಡಿಕೆ ಪಟ್ಟಿಯನ್ನು ಇಳಿಸಿಕೊಂಡೆ. ಅದೇ ಸಂಸ್ಥೆಯ ಸ್ಮಾಲ್‌ಕ್ಯಾಪ್ ಗ್ರೋತ್ ಫಂಡಿನ ಪಟ್ಟಿಯನ್ನೂ ಪಕ್ಕದ ಹಾಳೆಯಲ್ಲಿ ತೆರೆದು, ಎರಡರಲ್ಲೂ ಬರುವ ಹೆಸರುಗಳಿಗೆ ಹಳದಿ ಬಣ್ಣ ಬರುವಂತೆ ಒಂದು ಸೂತ್ರ ಹಾಕಿದೆ. ಹಾಳೆಯ ಕಾಲು ಭಾಗಕ್ಕಿಂತ ಹೆಚ್ಚು ಹಳದಿಯಾಯಿತು. ಒಂದೇ ಕಂಪನಿಯ ಷೇರು ಇಲ್ಲಿ ಅಗ್ಗದ್ದೆಂದೂ ಅಲ್ಲಿ ಬೆಳವಣಿಗೆಯದ್ದೆಂದೂ ಎಣಿಸಲ್ಪಟ್ಟು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎರಡೂ ಕಡೆ ಬೆಳಗುತ್ತಿತ್ತು. ಗಾತ್ರದ ಅಂಕಣವನ್ನು ನೋಡಿದರೆ, ಮೇಲಿನ ಸಾಲುಗಳಲ್ಲಿದ್ದ ಕಂಪನಿಗಳನ್ನು ಸಣ್ಣವೆಂದು ಕರೆಯಲು ಸಂಕೋಚವಾಗುವಂತಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಅಂದು ನೆನಪಾಯಿತು. ಫಂಡಿನದು ಮೋಸವೇನೂ ಅಲ್ಲ. ಅದು ತಾನು ಅನುಸರಿಸುವುದಾಗಿ ಹೇಳಿದ್ದ ಸೂಚ್ಯಂಕವನ್ನು (ನಿಯಮದಂತೆ ಆರಿಸಿದ ಷೇರುಗಳ ಪಟ್ಟಿಯನ್ನು) ಚಾಚೂ ತಪ್ಪದೆ ಅನುಸರಿಸುತ್ತಿತ್ತು. ಆ ಸೂಚ್ಯಂಕದ ನಿಯಮವನ್ನು ಓದದೆ ಹಣ ಹಾಕಿದವನು ನಾನು.

ಈ ವರ್ಗದ ಷೇರುಗಳ ಬೆನ್ನು ಹತ್ತಲು ಕಾರಣವೇನೆಂಬುದನ್ನು ಮೊದಲು ಹೇಳಬೇಕು. ಅಮೆರಿಕದ ಸಣ್ಣ ಕಂಪನಿಗಳ ಷೇರುಗಳು, ಅವುಗಳ ಏರಿಳಿತವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ದೊಡ್ಡವುಗಳಿಗಿಂತ ಹೆಚ್ಚು ಗಳಿಸಿವೆ ಎಂದು ಹಣಕಾಸು ಸಂಶೋಧಕ ರಾಲ್ಫ್ ಬಾಂಜ್ 1981ರಲ್ಲಿ ತೋರಿಸಿದರು. 1992ರಲ್ಲಿ ಅರ್ಥಶಾಸ್ತ್ರಜ್ಞರಾದ ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ ಗಾತ್ರದ ಜೊತೆಗೆ ಪುಸ್ತಕ ಮೌಲ್ಯಕ್ಕೂ (ಆಸ್ತಿಯಿಂದ ಸಾಲ ಕಳೆದು ಉಳಿಯುವುದಕ್ಕೂ) ಮಾರುಕಟ್ಟೆ ಬೆಲೆಗೂ ಇರುವ ಅನುಪಾತವನ್ನು ಇಟ್ಟು ನೋಡಿದರು. ಕಂಪನಿಯ ಲೆಕ್ಕಪುಸ್ತಕದ ಮೌಲ್ಯಕ್ಕೆ ಹೋಲಿಸಿದರೆ ಅಗ್ಗವಾಗಿ ಸಿಗುವ ಷೇರುಗಳು ದೀರ್ಘಕಾಲದಲ್ಲಿ ದುಬಾರಿ ಷೇರುಗಳನ್ನು ಹಿಂದೆ ಹಾಕಿದ್ದವು, ಅದರಲ್ಲೂ ಸಣ್ಣ ಕಂಪನಿಗಳ ನಡುವೆ ಈ ಅಂತರ ಹೆಚ್ಚಾಗಿತ್ತು. ಇದು ಹೆಚ್ಚಿನ ಅಪಾಯಕ್ಕೆ ಸಿಗುವ ಕೂಲಿಯೋ, ಹೂಡಿಕೆದಾರರ ಅತಿಯಾದ ಆಸೆ ಮತ್ತು ಭಯಗಳ ಫಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಮೊದಲನೆಯದನ್ನೇ ನಂಬಿ ನಡೆಯುವುದು ಕ್ಷೇಮಕರ, ಏಕೆಂದರೆ ಅಪಾಯವಿದೆ ಎಂದು ಒಪ್ಪಿಕೊಂಡವನು ಅದು ಎದುರಾದ ದಿನ ಅಷ್ಟಾಗಿ ಬೆಚ್ಚುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಸಣ್ಣ ಕಂಪನಿಗಳನ್ನು ಒಟ್ಟಾಗಿ ಕೊಂಡರೆ ಕಾಳಿನ ಜೊತೆ ಜೊಳ್ಳೂ ಬರುತ್ತದೆ. ಲಾಭವನ್ನೇ ಕಾಣದ, ಆದರೆ ಮುಂದೆ ಏನೋ ಆಗಿಬಿಡುತ್ತದೆ ಎಂಬ ನಿರೀಕ್ಷೆಯಿಂದ ದುಬಾರಿಯಾಗಿರುವ ಸಣ್ಣ ಕಂಪನಿಗಳ ಷೇರುಗಳು ಇಡೀ ಪೇಟೆಯಲ್ಲೇ ಅತಿ ಕಳಪೆ ಗಳಿಕೆಯ ಗುಂಪಿಗೆ ಸೇರಿವೆ. ಫಾಮಾ ಮತ್ತು ಫ್ರೆಂಚ್ ಗಳಿಕೆಯನ್ನು ವಿವರಿಸುವ ತಮ್ಮ 2015ರ ಐದು ಅಂಶಗಳ ಮಾದರಿಯಲ್ಲಿ ಲಾಭದಾಯಕತೆಯನ್ನೂ, ಕಂಪನಿಯು ತನ್ನ ಆಸ್ತಿಯನ್ನು ಎಷ್ಟು ವೇಗವಾಗಿ ಹಿಗ್ಗಿಸುತ್ತಿದೆ ಎಂಬುದನ್ನೂ ಸೇರಿಸಿದ ಮೇಲೆ ಈ ಗುಂಪಿನ ಸೋಲಿಗೆ ಸ್ವಲ್ಪ ಮಟ್ಟಿಗೆ ವಿವರಣೆ ಸಿಕ್ಕಿತು, ಪೂರ್ತಿಯಾಗಿ ಅಲ್ಲ. ಆದ್ದರಿಂದ ಫಂಡ್ ಆರಿಸುವವನ ಮುಂದಿರುವ ಪ್ರಶ್ನೆಗಳು ಮೂರು: ಈ ಫಂಡಿಗೆ ಸಣ್ಣದೆಂದರೆ ಎಷ್ಟು, ಅಗ್ಗವೆಂದರೆ ಯಾವುದಕ್ಕೆ ಹೋಲಿಸಿದರೆ ಅಗ್ಗ, ಮತ್ತು ಲಾಭವಿಲ್ಲದ ಜೊಳ್ಳನ್ನು ತೂರಿ ಹಾರಿಸಲು ಇದರ ಬಳಿ ಯಾವ ಮೊರವಿದೆ?

ಗಾತ್ರದ ವಿಷಯದಲ್ಲಿ ಅಮೆರಿಕದ ಮೂರು ಪ್ರಸಿದ್ಧ ಸೂಚ್ಯಂಕಗಳು ಮೂರು ಉತ್ತರ ಕೊಡುತ್ತವೆ. ರಸೆಲ್ 2000 ಎಂಬುದು ಅಮೆರಿಕದ ಮೂರು ಸಾವಿರ ದೊಡ್ಡ ಕಂಪನಿಗಳ ಪಟ್ಟಿಯಾದ ರಸೆಲ್ 3000ದಲ್ಲಿರುವ ಕಂಪನಿಗಳ ಪೈಕಿ ಸಣ್ಣವಾದ ಎರಡು ಸಾವಿರ. ಲಾಭ ಮಾಡಿರಬೇಕೆಂಬ ಷರತ್ತು ಅಲ್ಲಿಲ್ಲ. ಎಸ್ ಆಂಡ್ ಪಿ ಸ್ಮಾಲ್‌ಕ್ಯಾಪ್ 600 ಸೇರಬೇಕಾದರೆ ಹಿಂದಿನ ನಾಲ್ಕು ತ್ರೈಮಾಸಿಕಗಳ ಒಟ್ಟು ಲಾಭವೂ ಇತ್ತೀಚಿನ ತ್ರೈಮಾಸಿಕದ ಲಾಭವೂ ಧನಾತ್ಮಕವಾಗಿರಬೇಕು. ಈ ಒಂದು ಷರತ್ತಿನಿಂದಲೇ ಎರಡರ ಗುಣ ಬೇರೆಯಾಗಿದೆ. ವ್ಯಾನ್‌ಗಾರ್ಡ್ ಸಂಸ್ಥೆಯ ಸ್ಮಾಲ್‌ಕ್ಯಾಪ್ ವ್ಯಾಲ್ಯೂ ಫಂಡ್ ಅನುಸರಿಸುವ ಸಿಆರ್‌ಎಸ್‌ಪಿ ಸೂಚ್ಯಂಕದ ಕುಟುಂಬದಲ್ಲಿ, ಒಟ್ಟು ಮಾರುಕಟ್ಟೆ ಬಂಡವಾಳವನ್ನು (ಕಂಪನಿಗಳ ಎಲ್ಲ ಷೇರುಗಳ ಒಟ್ಟು ಬೆಲೆಯನ್ನು) ದೊಡ್ಡದರಿಂದ ಕೂಡಿಸುತ್ತ ಬಂದರೆ ಶೇ. 85ರಿಂದ 98ರ ನಡುವೆ ಬೀಳುವ ಕಂಪನಿಗಳು ಸಣ್ಣವು. ಶೇ. 98ರ ನಂತರದ ನಿಜವಾದ ಕಿರಿಯರನ್ನು ಅದು ಹೊರಗಿಡುತ್ತದೆ. ಮೇಲ್ತುದಿಯಲ್ಲಿ ಬೇರೆಯವರು ಮಿಡ್‌ಕ್ಯಾಪ್ (ನಡುಗಾತ್ರದ್ದು) ಎನ್ನುವ ಕಂಪನಿಗಳು ಒಳಗೆ ಬರುತ್ತವೆ. ಅಗ್ಗದ ವೆಚ್ಚ, ವಿಶಾಲ ಹರಹು, ನೆಮ್ಮದಿಯ ನಡೆ ಎಲ್ಲವೂ ಅದಕ್ಕಿದೆ, ಆದರೆ ಸಣ್ಣತನದ ಸಾಂದ್ರತೆ ಮಾತ್ರ ಕಡಿಮೆ.

ಅಗ್ಗವೆಂಬುದರ ವ್ಯಾಖ್ಯೆ ಇನ್ನೂ ಜಾರುವಂಥದ್ದು. ಎಸ್ ಆಂಡ್ ಪಿಯ ಸಾಮಾನ್ಯ ವ್ಯಾಲ್ಯೂ ಸೂಚ್ಯಂಕಗಳು ಬೆಲೆಗೆ ಹೋಲಿಸಿದ ಪುಸ್ತಕ ಮೌಲ್ಯ, ಲಾಭ ಮತ್ತು ಮಾರಾಟ ಈ ಮೂರನ್ನು ನೋಡುತ್ತವೆ. ಆದರೆ ಮೂಲ ಪಟ್ಟಿಯ ಮಾರುಕಟ್ಟೆ ಬಂಡವಾಳವನ್ನು ವ್ಯಾಲ್ಯೂ, ಗ್ರೋತ್ ಎಂದು ಹೆಚ್ಚುಕಡಿಮೆ ಎರಡು ಪಾಲು ಮಾಡಬೇಕೆಂಬುದು ಅವುಗಳ ಕಟ್ಟುಪಾಡು. ಹಾಗಾಗಿ ಸ್ಪಷ್ಟವಾಗಿ ಅಗ್ಗವಾಗಿರುವುದು ಸುಮಾರು ಮೂರನೇ ಒಂದು ಭಾಗ, ಸ್ಪಷ್ಟವಾಗಿ ದುಬಾರಿಯಾಗಿರುವುದು ಇನ್ನೊಂದು ಭಾಗ, ನಡುವಿನದು ಎರಡೂ ಕಡೆ ಹಂಚಿಕೆಯಾಗುತ್ತದೆ. ನನ್ನ ಹಾಳೆಯ ಹಳದಿ ಬಂದದ್ದು ಈ ನಡುವಿನ ಭಾಗದಿಂದ. ಇಂಥ ಫಂಡ್ ಕೊಂಡವನು ಪೇಟೆಯ ಅಗ್ಗದ ಮೂಲೆಯನ್ನು ಕೊಂಡಿರುವುದಿಲ್ಲ. ಇಡೀ ಪೇಟೆಯಿಂದ ಅತಿ ದುಬಾರಿ ಷೇರುಗಳನ್ನು ಕಳೆದು ಉಳಿದುದನ್ನು ಕೊಂಡಿರುತ್ತಾನೆ, ಅಷ್ಟೆ.

ಪುಸ್ತಕ ಮೌಲ್ಯದ ಮೇಲೆ ನನಗೆ ಮೊದಲಿನಷ್ಟು ಭರವಸೆ ಉಳಿದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸಂಶೋಧನೆಗೆ, ಸಾಫ್ಟ್‌ವೇರ್ ಬೆಳೆಸುವುದಕ್ಕೆ, ಹೆಸರು ಕಟ್ಟುವುದಕ್ಕೆ ಸುರಿದ ಹಣದ ಬಹುಪಾಲನ್ನು ಲೆಕ್ಕಪತ್ರದಲ್ಲಿ ಆಯಾ ವರ್ಷದ ಖರ್ಚೆಂದೇ ಬರೆಯುತ್ತಾರೆ. ಕಾರ್ಖಾನೆ ಕಟ್ಟಿದರೆ ಅದು ಆಸ್ತಿಯಾಗಿ ಉಳಿಯುತ್ತದೆ. ಕಂಪನಿಯು ತನ್ನದೇ ಷೇರುಗಳನ್ನು ಮರುಖರೀದಿ ಮಾಡುತ್ತ ಹೋದರೂ ಪುಸ್ತಕ ಮೌಲ್ಯ ಕರಗುತ್ತದೆ. ಈ ಒಂದೇ ಅಳತೆಯನ್ನು ನಂಬಿದ ಫಂಡಿಗಿಂತ, ಅದರ ಜೊತೆ ಲಾಭವನ್ನೋ ನಗದು ಹರಿವನ್ನೋ ತೂಗುವ ಫಂಡನ್ನು ನಾನು ಮೇಲೆಂದು ಎಣಿಸುತ್ತೇನೆ.

ನಿಯಮ ಒಳ್ಳೆಯದಿದ್ದರೂ ಅದನ್ನು ಯಾವಾಗ ಜಾರಿಗೆ ತರುತ್ತಾರೆ ಎಂಬುದು ಬೇರೆ ಮಾತು. 2020ರ ಕೊನೆಗೆ ಹತ್ತೊಂಬತ್ತು ಡಾಲರಿನ ಆಸುಪಾಸಿನಲ್ಲಿದ್ದ, ವಿಡಿಯೊ ಗೇಮ್ ಅಂಗಡಿಗಳ ಕಂಪನಿ ಗೇಮ್‌ಸ್ಟಾಪ್‌ನ ಷೇರು 2021ರ ಜನವರಿ 27ರಂದು 347 ಡಾಲರಿಗೆ ಮುಕ್ತಾಯವಾಯಿತು. ಆ ಹೊತ್ತಿಗೆ ಅದು ಸಣ್ಣದೂ ಆಗಿರಲಿಲ್ಲ, ಅಗ್ಗದ್ದಂತೂ ಆಗಿರಲೇ ಇಲ್ಲ. ಆದರೂ ರಸೆಲ್‌ನ ಪಟ್ಟಿ ಜೂನ್‌ನಲ್ಲಿ ಪರಿಷ್ಕರಣೆಯಾಗುವವರೆಗೆ ಅದು ಸಣ್ಣ ಕಂಪನಿಗಳ ಸಾಲಿನಲ್ಲೇ ಕುಳಿತಿತ್ತು. ಸೂಚ್ಯಂಕವನ್ನು ಅಕ್ಷರಶಃ ಅನುಸರಿಸುವ ಫಂಡ್ ಅದನ್ನು ಮಾರುವಂತಿರಲಿಲ್ಲ. ಅದಕ್ಕಿಂತ ಸದ್ದಿಲ್ಲದ ನಷ್ಟ ಇನ್ನೊಂದಿದೆ: ಸೂಚ್ಯಂಕಕ್ಕೆ ಯಾವ ದಿನ ಯಾವ ಷೇರು ಸೇರುತ್ತದೆ, ಯಾವುದು ಹೊರಬೀಳುತ್ತದೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರುವುದರಿಂದ, ಫಂಡ್ ಕೊಳ್ಳುವ ಮೊದಲೇ ಬೇರೆಯವರು ಕೊಂಡು ಬೆಲೆ ಏರಿಸಿಟ್ಟಿರುತ್ತಾರೆ. ದಿನಕ್ಕೆ ಹೆಚ್ಚು ವಹಿವಾಟಿಲ್ಲದ ಸಣ್ಣ ಷೇರುಗಳಲ್ಲಿ ಇದರ ಏಟು ಜೋರು. ಈ ನಷ್ಟ ವೆಚ್ಚ ಅನುಪಾತದಲ್ಲಿ ಕಾಣುವುದಿಲ್ಲ. ಸೂಚ್ಯಂಕವೇ ಅಷ್ಟು ಕಡಿಮೆ ಗಳಿಸಿರುತ್ತದೆಯಾದ್ದರಿಂದ ಫಂಡು ಸೂಚ್ಯಂಕಕ್ಕಿಂತ ಎಷ್ಟು ಹಿಂದಿದೆ ಎಂಬ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಈ ಕಾರಣದಿಂದಲೇ ಸೂಚ್ಯಂಕವನ್ನು ಅನುಸರಿಸದೆ, ಆದರೆ ವ್ಯವಸ್ಥಾಪಕರ ಮನಸ್ಸಿಗೂ ಬಿಡದೆ, ಬರೆದಿಟ್ಟ ನಿಯಮಗಳಂತೆ ಪ್ರತಿದಿನ ಪಟ್ಟಿಯನ್ನು ಪರಿಶೀಲಿಸುವ ಫಂಡ್‌ಗಳು ಹುಟ್ಟಿಕೊಂಡವು. 1981ರಲ್ಲಿ ಡೇವಿಡ್ ಬೂತ್ ಮತ್ತು ರೆಕ್ಸ್ ಸಿಂಕ್ವೆಫೀಲ್ಡ್ ಆರಂಭಿಸಿದ ಡೈಮೆನ್ಷನಲ್ ಈ ದಾರಿಯ ಹಿರಿಯ ಸಂಸ್ಥೆ. ಬಹುಕಾಲ ಅದರ ಫಂಡ್‌ಗಳು ಸಲಹೆಗಾರರ ಮೂಲಕ ಮಾತ್ರ ಸಿಗುತ್ತಿದ್ದವು. 2020ರ ಕೊನೆಗೆ ಅದು ಇಟಿಎಫ್‌ಗಳನ್ನು (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರಬಹುದಾದ ಫಂಡ್‌ಗಳನ್ನು) ತಂದು, 2021ರಲ್ಲಿ ಕೆಲವು ಮ್ಯೂಚುವಲ್ ಫಂಡ್‌ಗಳನ್ನೂ ಇಟಿಎಫ್ ಆಗಿ ಪರಿವರ್ತಿಸಿದ ಮೇಲೆ ಸಾಮಾನ್ಯ ಹೂಡಿಕೆದಾರನಿಗೂ ಬಾಗಿಲು ತೆರೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಬಂದ ಅವಾಂಟಿಸ್‌ನ ಸ್ಮಾಲ್‌ಕ್ಯಾಪ್ ವ್ಯಾಲ್ಯೂ ಇಟಿಎಫ್ ಅಗ್ಗದ ಬೆಲೆ ಮತ್ತು ಲಾಭದಾಯಕತೆ ಎರಡನ್ನೂ ಒಟ್ಟಿಗೆ ತೂಗಿ ಷೇರು ಆರಿಸುತ್ತದೆ, ವೆಚ್ಚ ಶೇ. 0.25. ಇಂಥ ಫಂಡ್‌ಗಳಲ್ಲಿ ನಂಬಿಕೆಯ ಭಾರ ಸೂಚ್ಯಂಕದಿಂದ ಸಂಸ್ಥೆಯ ಶಿಸ್ತಿನ ಮೇಲೆ ವರ್ಗವಾಗುತ್ತದೆ. ಮುಂದಿನ ಇಪ್ಪತ್ತು ವರ್ಷ ಈ ನಿಯಮಗಳನ್ನು ಇವರು ಬದಲಿಸುವುದಿಲ್ಲವೆಂಬುದಕ್ಕೆ ಖಾತರಿಯೇನು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸೂಚ್ಯಂಕವೂ ಶಾಶ್ವತವಲ್ಲ. ವ್ಯಾನ್‌ಗಾರ್ಡ್‌ನ ಇದೇ ಫಂಡ್ 1998ರಲ್ಲಿ ಆರಂಭವಾದಂದಿನಿಂದ ಒಂದಕ್ಕಿಂತ ಹೆಚ್ಚು ಸಲ ಸೂಚ್ಯಂಕ ಬದಲಿಸಿದೆ.

ವೆಚ್ಚದ ವಿಷಯದಲ್ಲಿ ನಾನು ಹಿಂದೆ ಕಟ್ಟುನಿಟ್ಟಾಗಿದ್ದೆ. ವರ್ಷಕ್ಕೆ ಶೇ. 0.07 ತೆಗೆದುಕೊಳ್ಳುವ ಫಂಡೂ ಶೇ. 0.25 ತೆಗೆದುಕೊಳ್ಳುವ ಫಂಡೂ ವೆಚ್ಚಕ್ಕೆ ಮುನ್ನ ಶೇ. 7ರಂತೆ ಬೆಳೆದರೆ, ಮೂವತ್ತು ವರ್ಷಗಳ ಕೊನೆಗೆ ಎರಡನೆಯದರಲ್ಲಿ ಸುಮಾರು ಶೇ. 5ರಷ್ಟು ಕಡಿಮೆ ಹಣವಿರುತ್ತದೆ. ಇದು ಸಣ್ಣ ಮೊತ್ತವಲ್ಲ. ಆದರೆ ಈ ಲೆಕ್ಕ ಎರಡು ಫಂಡ್‌ಗಳಲ್ಲೂ ಒಂದೇ ಸರಕಿದೆ ಎಂದು ಹಿಡಿದುಕೊಂಡು ಮಾಡಿದ್ದು. ಮೊದಲನೆಯದರ ಸಾಂದ್ರತೆ ಎರಡನೆಯದರ ಅರ್ಧದಷ್ಟಿದೆ ಎಂದು ಊಹಿಸೋಣ. ಒಟ್ಟು ಒಂದು ಲಕ್ಷದ ಹೂಡಿಕೆಯಲ್ಲಿ ಸಣ್ಣ, ಅಗ್ಗದ ಷೇರುಗಳ ಕಡೆಗೆ ನನಗೆ ಬೇಕಾದಷ್ಟು ವಾಲಿಕೆ ಸಿಗಲು ತೆಳುವಾದ ಫಂಡಿನಲ್ಲಿ ಇಪ್ಪತ್ತು ಸಾವಿರ ಹಾಕಬೇಕು, ವರ್ಷದ ವೆಚ್ಚ 14. ದಟ್ಟವಾದ ಫಂಡಿನಲ್ಲಿ ಹತ್ತು ಸಾವಿರ ಸಾಕು, ವೆಚ್ಚ 25. ಉಳಿದ ಹತ್ತು ಸಾವಿರ ಶೇ. 0.03ರ ಇಡೀ ಮಾರುಕಟ್ಟೆಯ ಫಂಡಿನಲ್ಲಿದ್ದರೆ ಇನ್ನು 3. ಲಕ್ಷಕ್ಕೆ ವರ್ಷಕ್ಕೆ 14ರ ವ್ಯತ್ಯಾಸ. ಇಷ್ಟಕ್ಕಾಗಿ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ ಎಂದು ಗೊತ್ತಾದಾಗ ನಗು ಬಂತು. ಫಂಡಿನ ಆಯ್ಕೆ ಮತ್ತು ಪ್ರಮಾಣದ ಆಯ್ಕೆ ಬೇರೆ ಬೇರೆಯಲ್ಲ. ಕಷಾಯ ಎಷ್ಟು ಗಟ್ಟಿಯಿದೆ ಎಂದು ತಿಳಿಯದೆ ಎಷ್ಟು ಚಮಚ ಎಂದು ಹೇಳಲಾಗದು.

ಪ್ರಮಾಣವನ್ನು ನಿರ್ಧರಿಸಬೇಕಾದದ್ದು ತಾಳ್ಮೆಯ ಅಳತೆಯಿಂದ. 1998ರಲ್ಲಿ ರಸೆಲ್ 2000 ವ್ಯಾಲ್ಯೂ ಸೂಚ್ಯಂಕ ಸುಮಾರು ಶೇ. 6.5, 1999ರಲ್ಲಿ ಶೇ. 1.5 ಕಳೆದುಕೊಂಡಿತು, ಅದೇ ಎರಡು ವರ್ಷ ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಆಂಡ್ ಪಿ 500 ಕ್ರಮವಾಗಿ ಶೇ. 28.6 ಮತ್ತು 21 ಗಳಿಸಿತು. ನೂರು ಡಾಲರ್ ಹಾಕಿದವನ ಕೈಯಲ್ಲಿ ತೊಂಬತ್ತೆರಡು, ಪಕ್ಕದವನ ಕೈಯಲ್ಲಿ ನೂರೈವತ್ತಾರು. ಆ ಹೊತ್ತಿಗೆ ಮಾರಿ ಹೊರಬಂದವರನ್ನು ಮೂರ್ಖರೆನ್ನಲು ನನಗೆ ಬಾಯಿ ಬರುವುದಿಲ್ಲ. ಮುಂದಿನ ಮೂರು ವರ್ಷ ತಂತ್ರಜ್ಞಾನ ಷೇರುಗಳ ಗುಳ್ಳೆ ಒಡೆದು ಎಸ್ ಆಂಡ್ ಪಿ 500 ಸತತವಾಗಿ ಇಳಿಯಿತು. ಸಣ್ಣ ಅಗ್ಗದ ಷೇರುಗಳು 2000ದಲ್ಲಿ ಸುಮಾರು ಶೇ. 23, 2001ರಲ್ಲಿ ಶೇ. 14 ಏರಿ, 2002ರಲ್ಲಿ ಶೇ. 11ರಷ್ಟು ಇಳಿದವು. 2002ರ ಕೊನೆಗೆ ಮೊದಲಿನವನ ನೂರು 114 ಆಗಿತ್ತು, ಪಕ್ಕದವನದು 97. ಅಷ್ಟು ದೂರ ಕಾದು ಕುಳಿತವನಿಗೆ ಮಾತ್ರ ಈ ಎರಡನೆಯ ಅರ್ಧ ದಕ್ಕಿತು. 2020ರ ಮೊದಲ ತ್ರೈಮಾಸಿಕದಲ್ಲಿ ಇದೇ ಸೂಚ್ಯಂಕ ಶೇ. 35ಕ್ಕಿಂತ ಹೆಚ್ಚು ಕುಸಿಯಿತು, ಎಸ್ ಆಂಡ್ ಪಿ 500 ಕುಸಿದದ್ದು ಶೇ. 20ರಷ್ಟು. ಆ ಮಾರ್ಚ್‌ನಲ್ಲಿ ನಾನು ಮಾರಲಿಲ್ಲ, ನಿಜ. ಆದರೆ ಪ್ರತಿ ತಿಂಗಳ ಖರೀದಿಯನ್ನು ಎರಡು ತಿಂಗಳು ನಿಲ್ಲಿಸಿದೆ. ಅತಿ ಅಗ್ಗವಾಗಿ ಸಿಗುತ್ತಿದ್ದಾಗಲೇ ಕೈ ಹಿಂದೆ ತೆಗೆದವನಿಗೆ ಎಷ್ಟು ಪ್ರಮಾಣ ತಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಬೇಕಿರಲಿಲ್ಲ.

ಉಳಿದ ಸಂಗತಿಗಳನ್ನು ಬೇಗ ಹೇಳುತ್ತೇನೆ. ಈ ಫಂಡ್‌ಗಳಲ್ಲಿ ಸಣ್ಣ ಬ್ಯಾಂಕುಗಳ ತೂಕ ಹೆಚ್ಚು. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿ ಪ್ರಾದೇಶಿಕ ಬ್ಯಾಂಕುಗಳ ಷೇರುಗಳು ಒಟ್ಟಾಗಿ ಬಿದ್ದಾಗ ಅದರ ಪೆಟ್ಟು ಇಲ್ಲಿಗೂ ತಗಲಿತು. ಕೆಲವು ಫಂಡ್‌ಗಳು ರಿಯಲ್ ಎಸ್ಟೇಟ್ ಟ್ರಸ್ಟ್‌ಗಳನ್ನು ಸೇರಿಸಿಕೊಳ್ಳುತ್ತವೆ, ಡೈಮೆನ್ಷನಲ್ ಮತ್ತು ಅವಾಂಟಿಸ್ ಹೊರಗಿಡುತ್ತವೆ. ಕೊಂಡು ಮಾರುವುದು ಹೆಚ್ಚಾದಷ್ಟೂ ತೆರಿಗೆಯ ಸಾಧ್ಯತೆ ಹೆಚ್ಚು. ಐವತ್ತು ಅರವತ್ತು ಷೇರುಗಳಷ್ಟೇ ಇರುವ ಫಂಡನ್ನು ನಾನು ಪರಿಗಣಿಸುವುದೇ ಇಲ್ಲ, ಏಕೆಂದರೆ ಈ ವರ್ಗದ ಗಳಿಕೆಯ ದೊಡ್ಡ ಪಾಲು ಬರುವುದು ಸಣ್ಣವಾಗಿದ್ದು ದೊಡ್ಡವಾಗುವ ಕೆಲವೇ ಕಂಪನಿಗಳಿಂದ, ಮತ್ತು ಅವು ಯಾವುವೆಂದು ಮುಂಚಿತವಾಗಿ ಹೇಳಬಲ್ಲವರನ್ನು ನಾನಿನ್ನೂ ಕಂಡಿಲ್ಲ.

ಹಳದಿ ಹಾಳೆಯ ಫಂಡನ್ನು ನಾನು ಒಮ್ಮೆಲೇ ಮಾರಲಿಲ್ಲ. ಅದಕ್ಕೆ ಹೊಸ ಹಣ ಹಾಕುವುದನ್ನು ನಿಲ್ಲಿಸಿ, ಲಾಭದಾಯಕತೆಯನ್ನೂ ತೂಗುವ ದಟ್ಟವಾದ ಫಂಡ್ ಒಂದಕ್ಕೆ ಮಾಸಿಕ ಖರೀದಿಯನ್ನು ತಿರುಗಿಸಿದೆ. ಪ್ರಮಾಣವನ್ನು ಶೇ. 20ರಿಂದ 12ಕ್ಕೆ ಇಳಿಸಿದೆ. ವರ್ಷಕ್ಕೊಮ್ಮೆ, ಡಿಸೆಂಬರ್‌ನ ಕೊನೆಯ ವಾರದಲ್ಲಿ, ಅದರ ಹೂಡಿಕೆ ಪಟ್ಟಿಯನ್ನು ಇಳಿಸಿಕೊಂಡು ಸರಾಸರಿ ಗಾತ್ರ, ಬೆಲೆ ಮತ್ತು ಪುಸ್ತಕ ಮೌಲ್ಯದ ಅನುಪಾತ, ಬೆಲೆ ಮತ್ತು ಲಾಭದ ಅನುಪಾತ, ಷೇರುಗಳ ಸಂಖ್ಯೆ ಈ ನಾಲ್ಕನ್ನು ಹಿಂದಿನ ವರ್ಷದ ಸಾಲಿನ ಕೆಳಗೆ ಬರೆದಿಡುತ್ತೇನೆ. ಗಳಿಕೆಗೆ ಆ ಹಾಳೆಯಲ್ಲಿ ಅಂಕಣವಿಲ್ಲ.