ವಸ್ತುಚಿತ್ರಗಳಿಗೆ ಅರ್ಥಕೋಶ ಸಾಲದು

ವಸ್ತುಚಿತ್ರಗಳ, ಅಂದರೆ ಸ್ಟಿಲ್ ಲೈಫ್ ಕಲೆಯ, ಬಗ್ಗೆ ಓದಲು ಹೊರಟವರಿಗೆ ಮೊದಲು ಎದುರಾಗುವುದು ಒಂದು ಸಿದ್ಧ ಪಟ್ಟಿ: ತಲೆಬುರುಡೆ ಸಾವನ್ನು ಸೂಚಿಸುತ್ತದೆ, ಮರಳುಗಡಿಯಾರ ಕಾಲವನ್ನು, ಬಾಡಿದ ಹೂವು ಅಳಿಯುವ ಚೆಲುವನ್ನು. ಪಟ್ಟಿ ಸುಳ್ಳೇನಲ್ಲ. ಹದಿನೇಳನೆಯ ಶತಮಾನದ ಡಚ್ ಕಲಾವಿದರು ‘ವ್ಯಾನಿಟಾಸ್’, ಅಂದರೆ ಬದುಕಿನ ವ್ಯರ್ಥತೆಯನ್ನು ನೆನಪಿಸುವ, ಚಿತ್ರಗಳಲ್ಲಿ ಈ ಸಂಕೇತಗಳನ್ನು ತಿಳಿದೇ ಬಳಸಿದರು. ಎಲ್ಲವೂ ವ್ಯರ್ಥವೆನ್ನುವ ಬೈಬಲ್‌ನ ಪ್ರಸಂಗಿಯ ಮಾತು ಅವರ ನೋಡುಗರಿಗೂ ಬಾಯಿಪಾಠವಾಗಿತ್ತು. ಆದರೂ ಪಟ್ಟಿಯನ್ನು ಕೈಯಲ್ಲಿ ಹಿಡಿದು ಚಿತ್ರದ ಮುಂದೆ ನಿಂತವರು ವಸ್ತುವನ್ನು ಗುರುತಿಸುತ್ತಾರೆಯೇ ಹೊರತು ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡುವುದಿಲ್ಲ ಎಂಬುದು ನನ್ನ ತಕರಾರು.

ಆ ಡಚ್ ಕಲಾವಿದರಲ್ಲೊಬ್ಬನಾದ ಪೀಟರ್ ಕ್ಲಾಸ್ 1628ರಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿರುವ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಬುರುಡೆಯೊಂದಿಗೆ ಬರೆಯುವ ಗರಿ, ಎಣ್ಣೆದೀಪ ಮತ್ತು ಗಾಜಿನ ಲೋಟ ಇವೆ. ಅರ್ಥವನ್ನು ಹೊರುವುದು ಇವುಗಳ ಹೆಸರಲ್ಲ, ಇವುಗಳಿಗೆ ಆಗಿರುವುದು. ಲೋಟ ಮಗುಚಿದೆ, ದೀಪದ ಬತ್ತಿ ಆರುವ ಹಂತದಲ್ಲಿದೆ, ಬುರುಡೆಯ ಬಾಯಲ್ಲಿ ಕೆಲವು ಹಲ್ಲುಗಳಿಲ್ಲ. ಕುಡಿದವರು, ಓದಿದವರು, ಬರೆದವರು ಈಗಷ್ಟೇ ಎದ್ದುಹೋದಂತೆ ತೋರುವುದರಿಂದಲೇ ಸಾವು ಇಲ್ಲಿ ಬರಿಯ ತತ್ತ್ವವಾಗಿ ಉಳಿಯುವುದಿಲ್ಲ.

ಅದೇ ಕಾಲದ ವಿಲೆಮ್ ಹೆಡಾನ ಊಟದ ಮೇಜಿನ ಚಿತ್ರಗಳಲ್ಲಿ ಅರ್ಧ ಸುಲಿದ ನಿಂಬೆ ಮತ್ತೆ ಮತ್ತೆ ಬರುತ್ತದೆ. ಹೊರಗೆ ಅಂದ, ಒಳಗೆ ಹುಳಿ ಎಂಬ ನೀತಿಯನ್ನು ಅದಕ್ಕೆ ಅಂಟಿಸುವುದುಂಟು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಸುರುಳಿಯಾಗಿ ಇಳಿಬಿದ್ದ ಸಿಪ್ಪೆಯ ಒರಟು ಹಳದಿ, ಅದರ ಒಳಮೈಯ ಮಂಕು ಬಿಳುಪು, ಬೆಳಕಿಗೆ ಮಿನುಗುವ ತೊಳೆಯ ತೇವ, ಈ ಮೂರನ್ನೂ ಒಂದೇ ಹಣ್ಣಿನಲ್ಲಿ ತೋರಿಸಬಲ್ಲೆನೆಂಬ ಕುಂಚದ ಹೆಮ್ಮೆಯೂ ಅಲ್ಲಿದೆ. ದಕ್ಷಿಣದ ಬಿಸಿಲಿನಿಂದ ಹಡಗಿನಲ್ಲಿ ಬಂದ ಹಣ್ಣನ್ನು ಮೇಜಿನ ಮೇಲಿಡುವ ಸಿರಿವಂತಿಕೆಯೂ ಇದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹಾರ್ಮೆನ್ ಸ್ಟೀನ್‌ವೈಕ್‌ನ ವ್ಯಾನಿಟಾಸ್ ಚಿತ್ರದಲ್ಲಿ ಈ ಇಬ್ಬಗೆ ಇನ್ನೂ ಸ್ಪಷ್ಟ. ಬುರುಡೆಯ ಪಕ್ಕದಲ್ಲಿರುವ ಹೊಳೆಯುವ ಚಿಪ್ಪೂ ಜಪಾನಿನ ಕತ್ತಿಯೂ ದೂರದ ವ್ಯಾಪಾರ ತಂದುಕೊಟ್ಟ ದುಬಾರಿ ಸಂಗ್ರಹಗಳು. ಸಂಪತ್ತು ವ್ಯರ್ಥವೆಂದು ಎಚ್ಚರಿಸುತ್ತಲೇ ಆ ಸಂಪತ್ತನ್ನು ಮನಸಾರೆ ಸವಿಯುವ ಇಂಥ ಚಿತ್ರಗಳನ್ನು ಕೊಂಡು ಗೋಡೆಗೆ ತೂಗುಹಾಕಿದವರೂ ಉಳ್ಳವರೇ. (ಈ ವಿಪರ್ಯಾಸ ಕಲಾವಿದರಿಗೆ ಹೊಳೆದಿರಲಿಲ್ಲ ಎಂದು ನಾನು ನಂಬಲಾರೆ.)

ಬರೆದಿಟ್ಟ ಅರ್ಥವೇ ಇಲ್ಲದ ವಸ್ತುಗಳೂ ಸಂಕೇತವಾಗಬಲ್ಲವು ಎಂಬುದಕ್ಕೆ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ ಎರಡು ಕುರ್ಚಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಜೊತೆಗಿದ್ದ ಕಲಾವಿದ ಗೊಗ್ಯಾನ್‌ಗೆ ಅವನು ಕೊಟ್ಟದ್ದು ಬಾಗಿದ ಕೈಗಳ ಕುರ್ಚಿ, ಅದರ ಮೇಲೆ ಉರಿಯುವ ಮೇಣದಬತ್ತಿ, ಕಾದಂಬರಿಗಳು ಮತ್ತು ರಾತ್ರಿಯ ಬಣ್ಣಗಳು. ತನಗೆ ಇಟ್ಟುಕೊಂಡದ್ದು ಹಗಲ ಬೆಳಕು, ಹುಲ್ಲು ಹೆಣೆದ ಸಾದಾ ಕುರ್ಚಿ, ಒಂದು ಪೈಪು, ಒಂದಿಷ್ಟು ತಂಬಾಕು. ಯಾವ ಪಟ್ಟಿಯೂ ಹುಲ್ಲಿನ ಕುರ್ಚಿಗೆ ಅರ್ಥ ಕೊಡುವುದಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅಲ್ಲಿಲ್ಲದ ಇಬ್ಬರ ಸ್ವಭಾವವೂ, ಅವರ ನಡುವಿನ ಅಂತರವೂ ಕಾಣುತ್ತದೆ. ತನ್ನ ಹೆಸರನ್ನು ಅವನು ಸಹಿ ಮಾಡಿರುವುದು ತನ್ನ ಕುರ್ಚಿಯ ಹಿಂದಿನ ಈರುಳ್ಳಿ ಪೆಟ್ಟಿಗೆಯ ಮೇಲೆ.