ಮೌಸ್ ತೆಗೊಳ್ಳುವ ಮೊದಲು ಕೈ ಅಳೆದು ನೋಡಿ

ಹೋದ ವಾರ ರಾತ್ರಿ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಮೌಸಿನ ಫೋಟೋ ಕಳುಹಿಸಿದ. ಕೆಳಗೆ ಬರೆದಿದ್ದ: "ಅಣ್ಣ, 12,800 ಡಿಪಿಐ ಉಂಟಂತೆ, ಏಳು ಬಣ್ಣದ ಲೈಟೂ ಉಂಟು. 700 ರೂಪಾಯಿ ಅಷ್ಟೆ. ತೆಗೊಳ್ಳಲಾ?"

ಬೇಡ ಅಂತ ತಕ್ಷಣ ಬರೆದೆ. ಆಮೇಲೆ ಯಾಕೆ ಬೇಡ ಅಂತ ಫೋನಿನಲ್ಲಿ ಹೇಳುತ್ತಾ ಕೂತವನಿಗೆ ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಅವನು ಪ್ಲಸ್ ಟೂ ಮುಗಿಸಿದ ಹುಡುಗ. ರಜೆಯಲ್ಲಿ ಅಡಿಕೆ ಸುಲಿದು ಎರಡು ಸಾವಿರ ರೂಪಾಯಿ ಕೂಡಿಟ್ಟಿದ್ದಾನೆ. ಆ ದುಡ್ಡು ಸುಮ್ನೆ ಹೋಗಬಾರದು ಅಂತ ನನಗೆ ಆಸೆ.

ಮೊದಲು ಈ ಡಿಪಿಐ ವಿಷಯ. ಮೌಸನ್ನು ಒಂದು ಇಂಚು ಸರಿಸಿದರೆ ಅದು ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವ ಲೆಕ್ಕ ಅದು, ಅಷ್ಟೆ. 12,000 ಇಟ್ಟರೆ ಒಂದು ಇಂಚು ಸರಿಸಿದ್ದಕ್ಕೆ ಬಾಣ 12,000 ಪಿಕ್ಸೆಲ್ ಓಡುತ್ತದೆ. ನಮ್ಮ ಸಾಮಾನ್ಯ ಸ್ಕ್ರೀನಿನ ಅಗಲ 1920 ಪಿಕ್ಸೆಲ್. ಅಂದರೆ ಆರು ಸ್ಕ್ರೀನು ದಾಟಿ ಹೋದ ಹಾಗಾಯಿತು. ಅದರಲ್ಲಿ ಯಾರು ಗುರಿ ಹಿಡಿಯುತ್ತಾರೆ? ಗುಂಡು ಹೊಡೆಯುವ ಆಟಗಳನ್ನು ವೃತ್ತಿಯಾಗಿ ಆಡುವವರಲ್ಲಿ ಹೆಚ್ಚಿನವರು ಇಡುವುದು 400 ಅಥವಾ 800. ಅಗ್ಗದ ಮೌಸುಗಳಲ್ಲಂತೂ ಎಷ್ಟೋ ಸಲ ಒಳಗಿನ ಸೆನ್ಸರಿಗೆ ಅಷ್ಟು ತಾಕತ್ತೇ ಇರುವುದಿಲ್ಲ. ಇದ್ದ ಲೆಕ್ಕವನ್ನೇ ಗುಣಿಸಿ ದೊಡ್ಡ ಸಂಖ್ಯೆ ಮಾಡಿ ಡಬ್ಬದ ಮೇಲೆ ಹಾಕಿರುತ್ತಾರೆ.

ಅವನು ಆಡುವುದು ವ್ಯಾಲರಂಟ್, ಅದೂ ಗುಂಡು ಹೊಡೆಯುವ ಆಟವೇ. ಅದರಲ್ಲಿ 800 ಡಿಪಿಐ, ಸೆನ್ಸಿಟಿವಿಟಿ (ಮೌಸ್ ಸರಿದದ್ದಕ್ಕೆ ಆಟದೊಳಗೆ ಎಷ್ಟು ತಿರುಗಬೇಕು ಅನ್ನುವ ಲೆಕ್ಕ) 0.4 ಇಟ್ಟುಕೊಂಡರೆ ಆಟದೊಳಗೆ ಒಂದು ಪೂರ್ತಿ ಸುತ್ತು ತಿರುಗಲು ಮೌಸನ್ನು ಸುಮಾರು 41 ಸೆಂಟಿಮೀಟರ್ ಎಳೆಯಬೇಕು. ಒಂದು ಮೊಳಕ್ಕೆ ಸ್ವಲ್ಪವೇ ಕಡಿಮೆ! ಅಷ್ಟು ದೂರ ಓಡಾಡಬೇಕಾದರೆ ಮೌಸ್ ಹಗುರ ಇರಬೇಕು, ಕೈಗೆ ಒಪ್ಪಬೇಕು, ಅಡಿಯಲ್ಲಿ ಅಗಲದ ಬಟ್ಟೆಯ ಪ್ಯಾಡ್ ಬೇಕು. ಅವನು ಇಷ್ಟು ದಿನ ಆಡಿದ್ದು ಹಳೆಯ ನೋಟ್ ಬುಕ್ಕಿನ ರಟ್ಟಿನ ಮೇಲೆ.

"ಸ್ಕೇಲ್ ತೆಗೊಂಡು ಬಾ" ಅಂದೆ. ಬಲಗೈ ಮೇಜಿನ ಮೇಲೆ ಹರಡಿ, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯಲು ಹೇಳಿದೆ. ಹದಿನೇಳೂವರೆ ಸೆಂಟಿಮೀಟರ್. ದೊಡ್ಡ ಕೈ ಅಲ್ಲ. ಆಮೇಲೆ ಮೌಸ್ ಹೇಗೆ ಹಿಡಿಯುತ್ತೀ ಅಂತ ಕೇಳಿದ್ದಕ್ಕೆ ವಿಡಿಯೋ ಕಾಲಿನಲ್ಲಿ ತೋರಿಸಿದ. ಅಂಗೈಯ ಬುಡ ಮಾತ್ರ ಮೌಸಿನ ಹಿಂಭಾಗಕ್ಕೆ ತಾಗಿದೆ, ಬೆರಳುಗಳು ಬಾಗಿ ತುದಿಯಲ್ಲಿ ನಿಂತಿವೆ. ಇದಕ್ಕೆ ಕ್ಲಾ ಗ್ರಿಪ್ ಅನ್ನುತ್ತಾರೆ. ಪೂರ್ತಿ ಅಂಗೈ ಊರಿ ಹಿಡಿಯುವವರಿಗೆ ರೇಜರ್ ಡೆತ್ ಆಡರ್ ಥರದ ಬೆನ್ನು ಉಬ್ಬಿದ ಮೌಸ್ ಹಿತ. 2006ರಿಂದ ಆ ಆಕಾರ ಹೆಚ್ಚುಕಮ್ಮಿ ಹಾಗೇ ಉಳಿದು ಬಂದಿದೆ ಅಂದ ಮೇಲೆ ಅದನ್ನು ಮೆಚ್ಚಿದ ಕೈಗಳು ಎಷ್ಟಿರಬೇಕು. ಆದರೆ ಅದರ ಉದ್ದ ಸುಮಾರು 127 ಮಿಲಿಮೀಟರ್. ತಮ್ಮನ ಕೈಗೆ ಜಾಸ್ತಿಯಾಯಿತು. ಲಾಜಿಟೆಕ್ ಜಿ102 ಸುಮಾರು 117 ಮಿಲಿಮೀಟರ್, 85 ಗ್ರಾಂ. ಇದು ಅವನಿಗೆ ಸರಿ ಅಂತ ನನಗೆ ಅನಿಸಿತು.

ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಕೂರುವಾಗ ಎಲ್ಲರೂ ತಮ್ಮ ತಮ್ಮ ಕತ್ತಿಯನ್ನೇ ಹುಡುಕುತ್ತಾರೆ. ಬೇರೆಯವರ ಕತ್ತಿ ಎಷ್ಟೇ ಹರಿತ ಇರಲಿ, ಅರ್ಧ ಗಂಟೆಯಲ್ಲಿ ಕೈ ನೋಯಲು ಶುರು. ಇದನ್ನು ಹೇಳಿದ ಮೇಲೆ ತಮ್ಮನಿಗೆ ಪಕ್ಕನೆ ಅರ್ಥವಾಯಿತು.

ಇನ್ನು ನಮ್ಮ ಊರಿನ ಮಳೆ. ಬದಿಯಡ್ಕದ ಕಡೆ ಜೂನ್ ತಿಂಗಳಲ್ಲಿ ಶುರುವಾದರೆ ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವಾಗ ಮೌಸ್ ಮಾತ್ರ ಚೆನ್ನಾಗಿರಲಿ ಅಂದರೆ ಆಗುತ್ತದಾ? ಇದನ್ನು ನಾನು ಅನುಭವಿಸಿ ಕಲಿತದ್ದು. ಎರಡು ವರ್ಷದ ಹಿಂದೆ ತೆಗೆದುಕೊಂಡ ನನ್ನ ಮೌಸಿನ ಎರಡೂ ಬದಿಗೆ ಮೆತ್ತನೆ ರಬ್ಬರ್ ಲೇಪನ ಇತ್ತು. ಮುಟ್ಟಲು ಬಹಳ ಚಂದ. ಒಂದು ಮಳೆಗಾಲ ಕಳೆಯುವಾಗ ಅದು ಹಲಸಿನ ಹಣ್ಣಿನ ಮೇಣದ ಹಾಗೆ ಅಂಟಲು ಶುರುವಾಯಿತು. ಹೆಬ್ಬೆರಳಿನ ಗುರುತು ಅಚ್ಚೊತ್ತಿದ ಹಾಗೆ ಉಳಿಯುತ್ತಿತ್ತು, ಅದಕ್ಕೆ ಧೂಳು ಹಿಡಿದು ಕಪ್ಪಾಯಿತು.

ಅದರ ಮೇಲೆ ಡಬಲ್ ಕ್ಲಿಕ್. ಬಟನ್ನಿನ ಅಡಿಯಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ ಇರುತ್ತದೆ, ಅದರೊಳಗೆ ತೆಳ್ಳಗಿನ ಒಂದು ಲೋಹದ ಪಟ್ಟಿ. ಒತ್ತಿದಾಗ ಅದು ಬಾಗಿ ಇನ್ನೊಂದು ಲೋಹಕ್ಕೆ ತಾಗಬೇಕು. ಪಟ್ಟಿ ಸವೆದು ಬಿಗಿ ಕಳೆದುಕೊಂಡರೆ, ಇಲ್ಲವೇ ತೇವಕ್ಕೆ ಕಿಲುಬು ಕಟ್ಟಿದರೆ, ತಾಗಿ ಬಿಟ್ಟು ಮತ್ತೆ ತಾಗುತ್ತದೆ. ನಾವು ಒತ್ತಿದ್ದು ಒಂದು ಸಲ, ಕಂಪ್ಯೂಟರಿಗೆ ಕೇಳಿದ್ದು ಎರಡು ಸಲ. ಆಟದಲ್ಲಿ ಆಪರೇಟರ್ ಅನ್ನುವ, ದೂರಕ್ಕೆ ಗುರಿ ಹಿಡಿಯುವ ಬಂದೂಕು ಹಿಡಿದು ಬಲಗಡೆಯ ಬಟನ್ ಒತ್ತಿದರೆ ಮೊದಲ ಜೂಮ್ ಬಿಟ್ಟು ನೇರ ಎರಡನೇ ಜೂಮಿಗೇ ಹೋಗುತ್ತಿತ್ತು, ಎದುರಿನವನು ಎಲ್ಲಿದ್ದಾನೆಂದು ನೋಡುವಷ್ಟರಲ್ಲಿ ನನ್ನ ಕಥೆ ಮುಗಿದಿರುತ್ತಿತ್ತು. ಮಂಗಳೂರಿನ ಅಂಗಡಿಗೆ ಹೋದರೆ "ಬಿಲ್ ಎಲ್ಲಿ?" ಅಂದರು. ನನ್ನ ಹತ್ತಿರ ಇರಲಿಲ್ಲ. ಬಿಲ್ಲಿದ್ದಿದ್ದರೆ ವಾರಂಟಿಯಲ್ಲಿ ಬೇರೆ ಮೌಸೇ ಸಿಗುತ್ತಿತ್ತು ಅಂತ ಅಲ್ಲೇ ಗೊತ್ತಾಯಿತು. ಆ ಬೇಜಾರು ಈಗಲೂ ಹೋಗಿಲ್ಲ.

ಈಗ ಆಪ್ಟಿಕಲ್ ಸ್ವಿಚ್ಚಿನ ಮೌಸುಗಳು ಬಂದಿವೆ. ಅವುಗಳಲ್ಲಿ ಕ್ಲಿಕ್ ಗೊತ್ತಾಗುವುದು ಬೆಳಕಿನಿಂದ, ಲೋಹ ತಾಗಿ ಅಲ್ಲ. ಹಾಗಾಗಿ ಈ ಕಾಟ ಇಲ್ಲ. ದುಡ್ಡು ಸಾಕಾದರೆ ನಮ್ಮ ಕಡೆಯವರಿಗೆ ಅದೇ ಒಳ್ಳೆಯದು. ಲೇಪನ ಮಾತ್ರ ಬೇಡವೇ ಬೇಡ, ಬರೀ ಪ್ಲಾಸ್ಟಿಕ್ ಸಾಕು. ಹಗುರ ಆಗಲಿ ಅಂತ ಜೇನುಗೂಡಿನ ಹಾಗೆ ತೂತು ತೂತು ಮಾಡಿದ ಮೌಸುಗಳೂ ಸಿಗುತ್ತವೆ. ಗೆಳೆಯನೊಬ್ಬನ ಅಂಥ ಮೌಸಿನೊಳಗೆ ಇರುವೆ ಸಾಲು ಹೋಗಿದ್ದನ್ನು ನಾನೇ ನೋಡಿದ್ದೇನೆ.

ಪೋಲಿಂಗ್ ರೇಟ್ 1000 ಹರ್ಟ್ಸ್ ಇದ್ದರೆ ಸಾಕು. ಸೆಕೆಂಡಿಗೆ ಸಾವಿರ ಸಲ ಸುದ್ದಿ ಕಳುಹಿಸುತ್ತದೆ ಅಂತ ಅರ್ಥ. ಮಾಮೂಲಿ ಮೌಸ್ ಕಳುಹಿಸುವುದು 125 ಸಲ. 8000ದವರೆಗೆ ಹೋಗುವವೂ ಉಂಟು, ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ ತಮ್ಮನ 60 ಹರ್ಟ್ಸ್ ಲ್ಯಾಪ್‌ಟಾಪಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ವಯರ್ ಇಲ್ಲದ್ದು ಆಗ್ತದಾ ಅಂತಲೂ ಕೇಳಿದ. ಖಂಡಿತ ಆಗುತ್ತದೆ, ಆದರೆ ಬ್ಲೂಟೂತ್‌ನಲ್ಲಿ ಅಲ್ಲ, ಜೊತೆಗೆ ಬರುವ ಪುಟ್ಟ ಡಾಂಗಲ್ ಹಾಕಿಯೇ ಆಡಬೇಕು. ವಯರ್ ಇಲ್ಲದ ಲಾಜಿಟೆಕ್ ಜಿ304 ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋದರೂ ಚಾರ್ಜ್ ಮಾಡುವ ಚಿಂತೆ ಇಲ್ಲ. ಆದರೆ ಬಜೆಟ್ ಮೀರುತ್ತದೆ ಅಂತ ಅವನೇ ಬಿಟ್ಟ.

ಶನಿವಾರ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬಂದ. ಅಂಗಡಿಯಲ್ಲಿ ನಾಲ್ಕೈದು ಮೌಸ್ ಹಿಡಿದು ನೋಡಿ, ಕೊನೆಗೆ ಜಿ102 ಮತ್ತು ಒಂದು ಬಟ್ಟೆಯ ಪ್ಯಾಡ್ ತಂದಿದ್ದಾನೆ. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ 'ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಅನ್ನುವ ಟಿಕ್ ತೆಗೆಯಲು ಹೇಳಿದೆ. ಅದು ಇದ್ದರೆ ಕೈ ಎಷ್ಟು ವೇಗವಾಗಿ ಓಡಿತು ಅನ್ನುವುದರ ಮೇಲೆ ಬಾಣ ಹೋಗುವ ದೂರ ಬದಲಾಗುತ್ತದೆ, ಕೈಗೆ ಅಭ್ಯಾಸ ಕೂರುವುದಿಲ್ಲ.

ರಾತ್ರಿ ಮತ್ತೆ ಒಂದು ಫೋಟೋ ಬಂತು. ಈ ಸಲ ಬಿಲ್ಲಿನದ್ದು. "ನಿನ್ನ ಹತ್ರವೂ ಒಂದು ಇರ್ಲಿ ಅಣ್ಣ" ಅಂತ ಬರೆದಿದ್ದ.